ಕಂಪ್ಯೂಟರ್ ಕೋಣೆಯ ಬೀಗದ ಕೈ



ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೂಡಿ, ತಾವು ಓದಿದ ಶಾಲೆಗೆ ಹತ್ತು ಕಂಪ್ಯೂಟರುಗಳನ್ನು ಕೊಡಿಸಲು ಹಣ ಸಂಗ್ರಹಿಸುತ್ತಿರುವ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಯಂತ್ರಗಳ ಬೆಲೆ ಕಳೆದು ಇನ್ನೂ ಒಂದೂವರೆ ಲಕ್ಷ ರೂಪಾಯಿ ಉಳಿಯುತ್ತದೆಯಂತೆ. ಅದನ್ನು ಉಕ್ಕಿನ ರೋಲಿಂಗ್ ಶಟರ್, ಎಂಟು ಕ್ಯಾಮೆರಾಗಳು ಮತ್ತು ಬೆರಳಚ್ಚು ನೋಡಿ ತೆರೆದುಕೊಳ್ಳುವ ಬೀಗಕ್ಕೆ ವಿನಿಯೋಗಿಸಬೇಕೆಂಬುದು ಹೆಚ್ಚಿನವರ ವಿಚಾರ. “ಸಾರ್, ತುಮಕೂರು ರಸ್ತೆ ಪಕ್ಕದ ಶಾಲೆ. ಒಂದು ರಾತ್ರಿ ಸಾಕು, ಎಲ್ಲ ಖಾಲಿಯಾಗುತ್ತೆ. ಮೊದಲು ಭದ್ರತೆ, ಆಮೇಲೆ ಕಂಪ್ಯೂಟರ್” ಎಂದು ಒಬ್ಬರು ದೂರವಾಣಿಯಲ್ಲಿ ಹೇಳಿದರು. ನನ್ನ ಅಭಿಪ್ರಾಯ ಬೇರೆಯಾಗಿದೆ. ದೂರವಾಣಿಯಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕಳ್ಳರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ನಾನು ಮಾಕಳಿಯಲ್ಲಿ ಮನೆ ಕಟ್ಟಿದಾಗ ಸುತ್ತಲೂ ರಾಗಿ ಹೊಲಗಳಿದ್ದವು. ಹೊಸಬರು ಯಾರಾದರೂ ಊರೊಳಗೆ ಬಂದರೆ ಕಟ್ಟೆಯ ಮೇಲೆ ಕುಳಿತವರು ‘ಯಾರ ಮನೆಗೆ?’ ಎಂದು ಕೇಳಿಯೇ ಮುಂದಕ್ಕೆ ಬಿಡುತ್ತಿದ್ದರು. ಈಗ ಒಂದು ಕಡೆ ಪೀಣ್ಯದ ಕಾರ್ಖಾನೆಗಳು ಇತ್ತ ಚಾಚಿಕೊಂಡಿವೆ, ಇನ್ನೊಂದು ಕಡೆ ನೆಲಮಂಗಲದ ಉಗ್ರಾಣಗಳು. 2024ರ ನವೆಂಬರಿನಲ್ಲಿ ಮೆಟ್ರೋ ರೈಲು ಮಾದಾವರದವರೆಗೆ ಬಂದಿದೆ. ಹೆದ್ದಾರಿಯ ಬದಿಯಲ್ಲಿ ರಾತ್ರಿಯೆಲ್ಲ ಲಾರಿಗಳು ನಿಂತಿರುತ್ತವೆ. ಯಾರು ಯಾರೆಂದು ಯಾರೂ ಕೇಳುವುದಿಲ್ಲ. ಇಂಥ ಕಡೆ, ರಾತ್ರಿ ಕಾವಲುಗಾರನೇ ಇಲ್ಲದ ಶಾಲೆಯ ಕೋಣೆಯೊಂದರಲ್ಲಿ ನಾಲ್ಕು ಲಕ್ಷದ ಸಾಮಾನು ಇಡುವಾಗ ಹೆದರುವುದು ಸಹಜ.

ಆದರೆ ಕಳ್ಳನು ಒಯ್ಯುವುದು ಏನನ್ನು, ಕಳ್ಳತನದಿಂದ ಶಾಲೆ ಕಳೆದುಕೊಳ್ಳುವುದು ಏನನ್ನು, ಇವೆರಡನ್ನೂ ಬಿಡಿಸಿ ನೋಡಬೇಕು.

ಹೆದ್ದಾರಿ ಬದಿಯ ಒಂದು ಶಾಲೆಯ ಪ್ರಸಂಗವನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ದಸರಾ ರಜೆ ಕಳೆದು ಬಾಗಿಲು ತೆರೆದಾಗ ಹಿಂಬದಿಯ ಕಿಟಕಿಯ ಸರಳುಗಳನ್ನು ಜಾಕಿಯಿಂದ ಅಗಲಿಸಲಾಗಿತ್ತು. ಹತ್ತು ಮಾನಿಟರುಗಳೂ ಇದ್ದಲ್ಲಿಯೇ ಇದ್ದವು. ಹೋಗಿದ್ದು ಯುಪಿಎಸ್ಸಿನ ಬ್ಯಾಟರಿಗಳು, ನಾಲ್ಕು ಯಂತ್ರಗಳ ರ್‍ಯಾಮ್ ತುಂಡುಗಳು, ಒಂದಷ್ಟು ತಾಮ್ರದ ತಂತಿ. ಬಂದವನು ಬಲ್ಲವನೇ ಆಗಿದ್ದ. ಯುಪಿಎಸ್ಸಿನ ದೊಡ್ಡ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಅದಕ್ಕೆ ಹೆಸರಿಲ್ಲ, ಗುರುತಿಲ್ಲ, ಗುಜರಿ ಅಂಗಡಿಯಲ್ಲಿ ತೂಕಕ್ಕೆ ಹಾಕಿದರೆ ಅರ್ಧ ಗಂಟೆಯಲ್ಲಿ ದುಡ್ಡು. ರ್‍ಯಾಮ್ ತುಂಡಂತೂ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. 1999ರ ಸೆಪ್ಟೆಂಬರಿನಲ್ಲಿ ತೈವಾನಿನಲ್ಲಿ ಭೂಕಂಪವಾದಾಗ ಅದರ ಬೆಲೆ ಜಗತ್ತಿನಾದ್ಯಂತ ಜಿಗಿದಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಪುನಃ ಏರಿತು. ಬೆಲೆ ಏರಿದಾಗಲೆಲ್ಲ ಕಳ್ಳನ ಕಣ್ಣು ಅತ್ತ ಹೊರಳುವುದು ಸ್ವಾಭಾವಿಕ.

ಮುಂದಿನದು ಇನ್ನೂ ಸ್ವಾರಸ್ಯ. ಪೊಲೀಸಿನವರು ಬಂದು ‘ಕಳೆದ ಸಾಮಾನಿನ ಕ್ರಮಸಂಖ್ಯೆ ಕೊಡಿ’ ಎಂದರು. ದಾಸ್ತಾನು ಪುಸ್ತಕ ತೆಗೆದು ನೋಡಿದರೆ ಅದರಲ್ಲಿದ್ದುದು ಒಂದೇ ಸಾಲು: ‘ಕಂಪ್ಯೂಟರ್, ಬಿಡಿಭಾಗ ಸಹಿತ, 10.’ ದನದ ಕಿವಿಗೂ ಓಲೆ ಚುಚ್ಚಿ ಸಂಖ್ಯೆ ಬರೆಯುವ ಕಾಲದಲ್ಲಿ, ಊರಿನ ಮಕ್ಕಳಿಗೆ ಸೇರಿದ ಯಂತ್ರಗಳಿಗೆ ಗುರುತೇ ಇರಲಿಲ್ಲ. ಮೊಬೈಲ್ ಕಳೆದರೆ ಐಎಂಇಐ ಸಂಖ್ಯೆ ಕೊಟ್ಟು ತಡೆಹಿಡಿಸುವ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶದಾದ್ಯಂತ ಬಂದಿದೆ. ಮೇಜಿನ ಮೇಲಿನ ಕಂಪ್ಯೂಟರಿಗೆ ಅಂಥದ್ದೇನೂ ಇಲ್ಲ. ತಯಾರಕರು ಬೆನ್ನಿಗೆ ಅಂಟಿಸಿದ ಒಂದು ಚೀಟಿ ಮಾತ್ರ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ ನಾಳೆ ಕಳುವಿನ ಮಾಲು ಸಿಕ್ಕಿದರೂ ‘ಇದು ನಮ್ಮದು’ ಎನ್ನಲು ಆಧಾರವಿರುವುದಿಲ್ಲ.

ಇಲ್ಲಿಯವರೆಗಿನ ನಷ್ಟ ಸುಮಾರು ಮೂವತ್ತು ಸಾವಿರ ರೂಪಾಯಿ. ದೊಡ್ಡ ನಷ್ಟ ಆಮೇಲೆ ಆಯಿತು.

ಮೇಲಿನ ಕಚೇರಿಯಿಂದ ಮುಖ್ಯೋಪಾಧ್ಯಾಯರಿಗೆ ಕಾರಣ ಕೇಳುವ ಪತ್ರ ಬಂತು. ನಷ್ಟವನ್ನು ತಮ್ಮಿಂದ ಏಕೆ ವಸೂಲು ಮಾಡಬಾರದೆಂಬ ಪ್ರಶ್ನೆ. ಆ ಮಹನೀಯರು ಪ್ರಾಮಾಣಿಕರು, ಹೆದರಿಕೆಯ ಸ್ವಭಾವದವರು. ನನ್ನೊಡನೆ ಹೇಳಿದ ಮಾತು ಇಂದಿಗೂ ನೆನಪಿದೆ: “ಮೇಷ್ಟ್ರೇ, ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು. ಬಾಕಿ ಇಲ್ಲ ಅಂತ ಪ್ರಮಾಣಪತ್ರ ಸಿಗದಿದ್ದರೆ ಪಿಂಚಣಿ ಕಾಗದ ಮುಂದಕ್ಕೆ ಹೋಗಲ್ಲ. ಈ ಕೋಣೆ ತೆರೆಯೋದೇ ಬೇಡ.” ಕೋಣೆಗೆ ಎರಡು ಬೀಗ ಬಿದ್ದವು, ಬೀಗದ ಮೇಲೆ ಬಟ್ಟೆ ಸುತ್ತಿ ಅರಗಿನ ಮೊಹರು. ಅವರು ನಿವೃತ್ತರಾದರು. ಅವರ ನಂತರ ಬಂದವರು ಅಧಿಕಾರ ವಹಿಸಿಕೊಳ್ಳುವಾಗ ಮೊಹರನ್ನು ನೋಡಿ, ಹಾಗೆಯೇ ವಹಿಸಿಕೊಂಡರು. ಎರಡು ವರ್ಷಗಳ ಮೇಲೆ ಬಾಗಿಲು ತೆರೆದಾಗ ಒಂದು ಸಿಪಿಯು ಪೆಟ್ಟಿಗೆಯೊಳಗೆ ಇಲಿ ಮರಿ ಹಾಕಿತ್ತು. ಉಳಿದಿದ್ದ ಆರು ಯಂತ್ರಗಳಲ್ಲಿ ಒಂದು ಮಾತ್ರ ಚಾಲೂ ಆಯಿತು. ಆ ಎರಡು ವರ್ಷಗಳಲ್ಲಿ ಹತ್ತನೆಯ ತರಗತಿ ಮುಗಿಸಿ ಹೋದ ಮಕ್ಕಳು ಕಂಪ್ಯೂಟರನ್ನು ಮುಟ್ಟದೆಯೇ ಹೋದರು. ಅವರಲ್ಲಿ ಎಷ್ಟೋ ಮಂದಿಯ ತಂದೆತಾಯಿಗಳು ಪೀಣ್ಯದಲ್ಲಿ, ದಾಸನಪುರದ ಮಾರುಕಟ್ಟೆಯಲ್ಲಿ ದಿನಗೂಲಿಗೆ ದುಡಿಯುವವರು. ಮನೆಯಲ್ಲಿ ಕಂಪ್ಯೂಟರ್ ಇರುವ ಪ್ರಶ್ನೆಯೇ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರೆನ್ನುವುದು ಇದಕ್ಕೇ. ಆದರೆ ಮೂಗು ಮುಖ್ಯೋಪಾಧ್ಯಾಯರದಲ್ಲ, ಮಕ್ಕಳದು.

ನಾನು ಗಣಿತದ ಮೇಷ್ಟ್ರು. ಲೆಕ್ಕ ಹೇಳದಿದ್ದರೆ ನಿಮಗೂ ರುಚಿಸದು. ಆದಾಯ ತೆರಿಗೆಯ ಸವಕಳಿ ಲೆಕ್ಕದಲ್ಲಿ ಕಂಪ್ಯೂಟರಿಗೆ ಮೊದಲು ವರ್ಷಕ್ಕೆ ಶೇಕಡಾ 60ರಷ್ಟು ಬೆಲೆ ಇಳಿಸುತ್ತಿದ್ದರು; 2017ರಿಂದ ಶೇಕಡಾ 40 ಮಾಡಿದರು. ಕಡಿಮೆಯದನ್ನೇ ಹಿಡಿಯೋಣ. ನಲವತ್ತು ಸಾವಿರದ ಯಂತ್ರ ಒಂದು ವರ್ಷಕ್ಕೆ 24,000, ಎರಡನೆಯ ವರ್ಷಕ್ಕೆ 14,400, ಮೂರಕ್ಕೆ 8,640, ನಾಲ್ಕಕ್ಕೆ 5,184, ಐದಕ್ಕೆ 3,110 ರೂಪಾಯಿ. ಬೀಗದೊಳಗಿದ್ದರೂ ಇಷ್ಟೇ, ಮಕ್ಕಳ ಕೈಯಲ್ಲಿದ್ದರೂ ಇಷ್ಟೇ. ಹತ್ತು ಯಂತ್ರಗಳನ್ನು ಎರಡು ವರ್ಷ ಬೀಗ ಹಾಕಿಟ್ಟರೆ ಎರಡೂವರೆ ಲಕ್ಷ ರೂಪಾಯಿ ಯಾರ ಪ್ರಯೋಜನಕ್ಕೂ ಬಾರದೆ ಕರಗುತ್ತದೆ. ಮೂವತ್ತು ಸಾವಿರದ ಕಳ್ಳನನ್ನು ತಡೆಯಲು ಎರಡೂವರೆ ಲಕ್ಷ ತೆತ್ತ ಹಾಗಾಯಿತು. ಜೊತೆಗೆ, ಬಳಸದೆ ಇಟ್ಟ ಬ್ಯಾಟರಿ ತಾನೇ ಇಳಿದು ಹಾಳಾಗುತ್ತದೆ. ತಂತ್ರಾಂಶವೂ ಕಾಯುವುದಿಲ್ಲ: ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲಿನಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ ತಯಾರಕರ ಬೆಂಬಲ ಮುಗಿಯಿತು.

ಬಚ್ಚಿಟ್ಟು ಕಾಪಾಡುವುದೇ ತಪ್ಪು ಎಂದು ನನ್ನ ವಾದವೆಂದು ತಿಳಿಯಬಾರದು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಎಂಬ ತಾಳೆಗರಿಯ ಗ್ರಂಥಗಳಿವೆ. ಭಾಷೆ ಪ್ರಾಕೃತ ಸಂಸ್ಕೃತ, ಲಿಪಿ ಹಳೆಯ ಕನ್ನಡ. ಶತಮಾನಗಳ ಕಾಲ ಅವು ಭಕ್ತರ ದರ್ಶನಕ್ಕೆ ಮಾತ್ರ ಹೊರಗೆ ಬರುತ್ತಿದ್ದವು, ಓದಿಗೆ ಸಿಕ್ಕುತ್ತಿರಲಿಲ್ಲ. 1896ರ ಸುಮಾರಿಗೆ ಪ್ರತಿ ಮಾಡುವ ಕೆಲಸ ಆರಂಭವಾಗಿ ದಶಕಗಳೇ ಹಿಡಿದವು. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಅಷ್ಟು ಭದ್ರವಾಗಿ ಇಟ್ಟಿದ್ದರಿಂದಲೇ ಆ ಗ್ರಂಥಗಳು ಉಳಿದುಬಂದವು ಎಂಬುದನ್ನು ಒಪ್ಪಲೇಬೇಕು. ತಾಳೆಗರಿ ಎಂಟು ನೂರು ವರ್ಷ ಕಾಯಬಲ್ಲದು, ತೆರೆದ ದಿನ ಅದರ ಬೆಲೆ ಹೆಚ್ಚೇ ಆಗಿರುತ್ತದೆ. ಕಂಪ್ಯೂಟರ್ ಎಂಟು ವರ್ಷವೂ ಕಾಯದು. ನಮ್ಮ ಕಚೇರಿಗಳ ದಾಸ್ತಾನು ಪದ್ಧತಿಯಾದರೋ ಕಬ್ಬಿಣದ ಬೀರು, ಮರದ ಬೆಂಚುಗಳಿಗೆಂದು ಹುಟ್ಟಿದ್ದು. ‘ವಸ್ತು ಇದೆಯೇ, ಇಲ್ಲವೇ’ ಎಂದಷ್ಟೇ ಅದು ಕೇಳುತ್ತದೆ. ‘ಬಳಕೆಯಾಯಿತೇ’ ಎಂದು ಕೇಳುವ ಅಂಕಣ ಅದರಲ್ಲಿಲ್ಲ.

ಇನ್ನು ಹಂಚಿಕೊಂಡು ಬಳಸುವ ಕೋಣೆಯ ತೊಡಕು. ನೀವು ಕಂಪ್ಯೂಟರ್ ಕೊಡುವ ಕೋಣೆಯನ್ನು ಒಂದೇ ಆವರಣದ ಪ್ರಾಥಮಿಕ ಶಾಲೆಯವರೂ ಪ್ರೌಢಶಾಲೆಯವರೂ ಬಳಸುತ್ತಾರೆ. ಹತ್ತು ಮಂದಿಯ ನಡುವೆ ಹಾವು ಸಾಯದೆಂಬ ಗಾದೆ ಇಂಥಲ್ಲಿ ನಿಜವಾಗುತ್ತದೆ. ಮೌಸ್ ಕಾಣದಾದರೆ ಅವರು ಇವರನ್ನು, ಇವರು ಅವರನ್ನು ತೋರಿಸುತ್ತಾರೆ. ಇದು ಹಳೆಯ ರೋಗ. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೆಲವೇ ಶಾಲೆಗಳಿಗೆ ಕೊಟ್ಟಿತು. ಆಮೇಲೆ 2000ದ ದಶಕದ ಆರಂಭದಲ್ಲಿ ನಮ್ಮ ರಾಜ್ಯದ ‘ಮಾಹಿತಿ ಸಿಂಧು’ ಬಂತು. ನಿಮ್ಮಲ್ಲಿ ಕೆಲವರು ಅದರಲ್ಲೇ ಮೊದಲು ಮೌಸ್ ಹಿಡಿದವರು. 2004ರ ಡಿಸೆಂಬರಿನಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಬಂತು. ಈ ಯೋಜನೆಗಳ ಕಾಲದಲ್ಲಿ ಪ್ರಚಾರಕ್ಕೆ ಬಂದದ್ದು ‘ಬೂಟ್’ ಪದ್ಧತಿ: ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ತಂದು ಸ್ಥಾಪಿಸಿ, ಗೊತ್ತುಪಡಿಸಿದ ವರ್ಷಗಳ ಕಾಲ ತಾನೇ ನಡೆಸಿ, ಬಳಿಕ ಶಾಲೆಗೆ ಬಿಟ್ಟುಹೋಗುವುದು. ಆ ವರ್ಷಗಳಲ್ಲಿ ಶಾಲೆಯ ಮೇಷ್ಟ್ರುಗಳಿಗೆ ಆ ಕೋಣೆ ಬಾಡಿಗೆದಾರರ ಮನೆಯಂತೆ. ಅವಧಿ ಮುಗಿದ ಮರುದಿನ ಅದೇ ಕೋಣೆ, ಹಳತಾದ ಯಂತ್ರಗಳೊಡನೆ, ಮುಖ್ಯೋಪಾಧ್ಯಾಯರ ಕೊರಳಿಗೆ. ತನ್ನದೆನ್ನುವ ಮಮತೆ ಬೆಳೆಯುವ ಮೊದಲೇ ತನ್ನ ಮೇಲೆ ಬರುವ ಅಪವಾದದ ಭಯ ಬೆಳೆಯಿತು.

ಹಾಗಾದರೆ ಏನು ಮಾಡಬೇಕು? ರಾತ್ರಿಯ ಕಳ್ಳನನ್ನೂ ಹಗಲಿನ ಕಳ್ಳತನವನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ನನ್ನ ಸಲಹೆ. ರಾತ್ರಿಗೆ ಕಬ್ಬಿಣವೇ ಬೇಕು, ಸಂದೇಹವಿಲ್ಲ. ಆದರೆ ಶಟರಿನಂಥ ಆಡಂಬರ ಬೇಡ. ಕಳ್ಳ ಬಾಗಿಲಿನಿಂದ ಬರುವುದು ಅಪರೂಪ. ಹಿಂಬದಿಯ ಕಿಟಕಿ, ಹೆಂಚಿನ ಮಾಡು, ಇವೇ ಅವನ ದಾರಿ. ಕಿಟಕಿಗೆ ಒಳಗಡೆಯಿಂದ ಗೋಡೆಗೆ ಹುಗಿದ ಎರಡನೆಯ ಜಾಲರಿ, ಬ್ಯಾಟರಿಗೆ ನೆಲಕ್ಕೆ ಬೋಲ್ಟ್ ಹಾಕಿದ, ಗಾಳಿಯಾಡುವ ಕಬ್ಬಿಣದ ಗೂಡು, ಸಿಪಿಯು ಪೆಟ್ಟಿಗೆಗಳಿಗೆ ಮೇಜಿನ ಕೆಳಗೆ ಬೀಗವಿರುವ ಜಾಲರಿ ಪೆಟ್ಟಿಗೆ. ಮೂವತ್ತು ಸಾವಿರದೊಳಗೆ ಮಾಡಿಕೊಡಬಲ್ಲ ವೆಲ್ಡಿಂಗ್ ಅಂಗಡಿಯವರು ನಮ್ಮ ವಿದ್ಯಾರ್ಥಿಗಳಲ್ಲೇ ಇದ್ದೀರಿ. 1999ರಲ್ಲಿ ಸುಗತ ಮಿತ್ರ ಎಂಬವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯಲ್ಲಿ ಕಿಂಡಿ ಮಾಡಿ, ಯಂತ್ರವನ್ನು ಆಚೆ ಇಟ್ಟು, ಪರದೆಯನ್ನು ಮಾತ್ರ ಬೀದಿ ಮಕ್ಕಳ ಕಡೆಗೆ ತೋರಿಸಿದರಷ್ಟೆ. ಹೆಚ್ಚು ಬೆಲೆಯ ಭಾಗ ಕೈಗೆ ಸಿಗದಂತೆ, ಬಳಸುವ ಭಾಗ ಕೈಗೆ ಸಿಗುವಂತೆ ಇಡುವ ಆ ಉಪಾಯ ನಮ್ಮ ಕೋಣೆಗೂ ಹೊಂದುತ್ತದೆ. ಲ್ಯಾಪ್‌ಟಾಪ್ ಕೊಡುವವರಿದ್ದರೆ ಅದರ ಪಕ್ಕದಲ್ಲಿರುವ ಸಣ್ಣ ಆಯತಾಕಾರದ ಕಿಂಡಿಯನ್ನು ನೋಡಿರಿ. ಉಕ್ಕಿನ ಹಗ್ಗದ ಬೀಗ ಹಾಕಲೆಂದೇ ಅದನ್ನು ಬಿಟ್ಟಿರುತ್ತಾರೆ. ಎಲ್ಲ ಮಾದರಿಗಳಲ್ಲಿ ಇರುವುದಿಲ್ಲ, ಕೊಳ್ಳುವಾಗ ಕೇಳಿಕೊಳ್ಳಬೇಕು.

ಗುರುತು ಹಾಕುವುದು ಎಲ್ಲಕ್ಕಿಂತ ಅಗ್ಗದ ಕೆಲಸ, ಎಲ್ಲರೂ ಮರೆಯುವ ಕೆಲಸ. ಕಾಗದದ ಚೀಟಿ ಬೇಡ. ಅದನ್ನು ಉಗುರಿನಿಂದ ಕೀಳಬಹುದು. ಲೋಹಕ್ಕೆ ಅಕ್ಷರದ ಪಂಚಿನಿಂದ ಬಡಿದು, ಪ್ಲಾಸ್ಟಿಕ್ಕಿಗೆ ಕೊರೆಯುವ ಪೆನ್ನಿನಿಂದ ಕೊರೆದು, ಶಾಲೆಯ ಹೆಸರನ್ನೂ ಸಂಖ್ಯೆಯನ್ನೂ ಎದ್ದು ಕಾಣುವಂತೆ ಮುಂಭಾಗದಲ್ಲಿಯೇ ಬರೆಯಬೇಕು. ಚಂದ ಕೆಟ್ಟರೆ ಕೆಡಲಿ. ಮಾರಿದರೆ ಬೆಲೆ ಬಾರದ ವಸ್ತುವನ್ನು ಕಳ್ಳ ಹೊರುವುದಿಲ್ಲ.

ಹಗಲಿನ ಮಾತಿಗೆ ಬಂದರೆ ನನಗೆ ನೆನಪಾಗುವುದು ನನ್ನ ದೊಡ್ಡಣ್ಣ. ಅವರು ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಉಪಕರಣಗಳ ಉಗ್ರಾಣ ನೋಡಿಕೊಳ್ಳುತ್ತಿದ್ದುದು ನಮ್ಮ ಮನೆಯವರಿಗೆಲ್ಲ ಗೊತ್ತು. ಪ್ರತಿ ಕಾರ್ಮಿಕನಿಗೂ ತನ್ನ ಸಂಖ್ಯೆ ಅಚ್ಚಾದ ಐದಾರು ಹಿತ್ತಾಳೆ ಬಿಲ್ಲೆಗಳು. ಮೈಕ್ರೋಮೀಟರ್ ಬೇಕಾದರೆ ಒಂದು ಬಿಲ್ಲೆ ಕೊಡಬೇಕು. ಮೈಕ್ರೋಮೀಟರ್ ಇದ್ದ ಜಾಗದ ಮೊಳೆಗೆ ಅದು ಬೀಳುತ್ತದೆ. ಸಂಜೆ ಗಂಟೆ ಹೊಡೆದಾಗ ಮೊಳೆಗಳತ್ತ ಒಮ್ಮೆ ಕಣ್ಣಾಡಿಸಿದರೆ ಯಾರ ಬಳಿ ಏನಿದೆ ಎಂಬುದು ತಿಳಿಯುತ್ತದೆ. ಯಾರ ಚೀಲವನ್ನೂ ತಡಕಬೇಕಾಗಿಲ್ಲ, ಯಾರನ್ನೂ ಸಂಶಯಿಸಬೇಕಾಗಿಲ್ಲ. “ಸಾವಿರ ಜನ ಮುಟ್ಟೋ ಸಾಮಾನು ಕಣಪ್ಪಾ, ಬೀಗದಿಂದ ಉಳಿಯಲ್ಲ, ಬಿಲ್ಲೆಯಿಂದ ಉಳಿಯುತ್ತೆ” ಎನ್ನುತ್ತಿದ್ದರು. ನಿಮ್ಮಲ್ಲಿ ಪೀಣ್ಯದಲ್ಲಿ ದುಡಿಯುತ್ತಿರುವವರಿಗೆ ಈ ಪದ್ಧತಿ ಗೊತ್ತಿರಬಹುದು. ಅದನ್ನೇ ಮಕ್ಕಳಿಗೂ ತರಬಹುದಲ್ಲವೇ? ಮೌಸ್, ಕಿವಿಗೆ ಹಾಕುವ ಹೆಡ್‌ಫೋನ್, ಪೆನ್‌ಡ್ರೈವ್ ಇವೆಲ್ಲವನ್ನೂ ಗೋಡೆಯ ಹಲಗೆಯ ಮೇಲೆ ಆಕಾರ ಬರೆದು ತೂಗುಹಾಕಿ, ಮಗು ತನ್ನ ಬಿಲ್ಲೆ ಇಟ್ಟು ವಸ್ತು ತೆಗೆದುಕೊಳ್ಳಲಿ. ಖಾಲಿ ಆಕಾರ ದೂರದಿಂದಲೇ ಕಾಣುತ್ತದೆ.

ಮಕ್ಕಳ ಚೀಲ ತಡಕುವ ಬಗ್ಗೆ ನನಗೆ ತೀವ್ರ ವಿರೋಧವಿದೆ. ಹಿಂದೆ ಮೌಸಿನ ಹೊಟ್ಟೆಯಲ್ಲಿ ರಬ್ಬರು ಮೆತ್ತಿದ ಉಕ್ಕಿನ ಗುಂಡು ಇರುತ್ತಿತ್ತು. ಈಗಿನವರು ಅದನ್ನು ನೋಡಿಯೇ ಇಲ್ಲ. ಗೋಲಿಯಾಟಕ್ಕೆ ಅದಕ್ಕಿಂತ ಶ್ರೇಷ್ಠವಾದ ಗೋಲಿ ಜಗತ್ತಿನಲ್ಲಿ ಇನ್ನೊಂದಿಲ್ಲ. ಒಂದು ವಾರದಲ್ಲಿ ಆರು ಗುಂಡುಗಳು ಮಾಯವಾದವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನ ಜೇಬಿನಲ್ಲಿ ಸಿಕ್ಕವು. (ಅವನು ಈಗ ಇದನ್ನು ಓದುತ್ತಿರಬಹುದು. ಹೆದರಬೇಡಪ್ಪ, ಹೆಸರು ಹೇಳುವುದಿಲ್ಲ.) ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನಿಲ್ಲಿಸಿ ವರ್ಗಾವಣೆ ಪತ್ರ ಕೊಟ್ಟು ಕಳುಹಿಸಬೇಕೆಂದು ಕೆಲವು ಸಹೋದ್ಯೋಗಿಗಳ ಹಟ. ನಾವು ಇಬ್ಬರು ಒಪ್ಪಲಿಲ್ಲ. ದಿನವೂ ಸಂಜೆ ಮೌಸುಗಳ ಗುಂಡು ತೆಗೆದು, ಎಣಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿಡುವ ಕೆಲಸವನ್ನು ಅವನಿಗೇ ವಹಿಸಿದೆವು. ಆ ವರ್ಷ ಇನ್ನೂ ಎರಡು ಗುಂಡು ಕಳೆದವು; ಎರಡು ಸಲವೂ ಬಂದು ಹೇಳಿದವನು ಅವನೇ.

ಕಾಯಿದೆ ಸಹ ಈ ದಾರಿಯಲ್ಲೇ ಇದೆ ಎಂಬುದನ್ನು ಬಹಳ ಮಂದಿ ತಿಳಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯಿದೆಯ ಕೆಳಗಿನ 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ, ವಯಸ್ಕರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ, ಮಗುವಿನ ಮೇಲೆ ಎಫ್‌ಐಆರ್ ದಾಖಲಿಸುವಂತಿಲ್ಲ. ವಯಸ್ಕರಿಗೆ ಸಂಬಂಧಿಸಿಯೂ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಪ್ರಕರಣದಲ್ಲಿ, ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಎಂದಿದೆ. ಬಿಸ್ಕತ್ತಿನ ಡಬ್ಬಿಯ ನ್ಯಾಯವನ್ನು ದೆಹಲಿಯವರೂ ಒಪ್ಪಿಕೊಂಡರೆಂದು ನಾನು ನಗುತ್ತಿರುತ್ತೇನೆ. ಕಿಟಕಿ ಸರಳು ಮುರಿದು ಬರುವವನ ವಿಷಯ ಹಾಗಲ್ಲ. ಅವನ ಮೇಲೆ ಅದೇ ದಿನ ದೂರು ಕೊಡಬೇಕು.

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಗಿಲಿಗೆ ಒಂದು ಇರಲಿ. ಎಂಟು ಬೇಡ. ಚಿತ್ರ ಸಂಗ್ರಹವಾಗುವ ಪೆಟ್ಟಿಗೆಯನ್ನು ಅದೇ ಕೋಣೆಯಲ್ಲಿ ಇಟ್ಟರೆ ಕಳ್ಳ ಮೊದಲು ಅದನ್ನೇ ಒಯ್ಯುತ್ತಾನೆ. ಬೆರಳಚ್ಚಿನ ಬೀಗಕ್ಕಂತೂ ನನ್ನ ನಮಸ್ಕಾರ. ವಿದ್ಯುತ್ ಇಲ್ಲದ ದಿನ ಅದನ್ನು ತೆರೆಯಲು ಯಾರ ಬೆರಳನ್ನು ಹುಡುಕುವುದು?

ವಿಮೆ ಮಾಡಿಸಿರಿ. ಇದರಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯ ಕನ್ನಗಳ್ಳತನದ ವಿಮೆಯಲ್ಲಿ ಬಲಾತ್ಕಾರವಾಗಿ ಒಳನುಗ್ಗಿದ ಗುರುತು ಕೇಳುತ್ತಾರೆ: ಮುರಿದ ಬೀಗ, ಬಾಗಿದ ಸರಳು. ತೆರೆದ ಕೋಣೆಯಿಂದ ಹಗಲಿನಲ್ಲಿ ಹೋದದ್ದಕ್ಕೆ ಹಣ ಸಿಗುವುದಿಲ್ಲ. ಆದ್ದರಿಂದ ಪತ್ರಕ್ಕೆ ಸಹಿ ಹಾಕುವ ಮುನ್ನ ಸಾದಾ ಕಳವು ಸೇರಿದೆಯೇ ಎಂದು ಓದಿ ನೋಡಿಕೊಳ್ಳಬೇಕು.

ಉಳಿದ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ನನ್ನ ಸೂಚನೆ ಇದು: ನಮ್ಮ ಊರಿನಲ್ಲೇ ಡಿಪ್ಲೊಮಾ ಅಥವಾ ಪದವಿ ಮುಗಿಸಿ ಮನೆಯಲ್ಲಿರುವ ಒಬ್ಬ ಹೆಣ್ಣುಮಗಳಿಗೆ ತಿಂಗಳಿಗೆ ಐದು ಸಾವಿರದಂತೆ ಎರಡು ವರ್ಷದ ಗೌರವಧನ. ಮಧ್ಯಾಹ್ನ ಮೂರೂವರೆಯಿಂದ ಆರೂವರೆಯವರೆಗೆ ಕೋಣೆ ತೆರೆದಿರಬೇಕು, ಆಕೆ ಅಲ್ಲಿರಬೇಕು. ಜನ ಓಡಾಡುವ ಮನೆಗೆ ಕಳ್ಳ ಬರುವುದು ಕಡಿಮೆ. ಏನಾದರೂ ಕಾಣದಾದರೆ ಆ ಸಂಜೆಯೇ ತಿಳಿಯುತ್ತದೆ, ದಸರಾ ರಜೆ ಮುಗಿದ ಮೇಲಲ್ಲ. ಮಗುವಿಗೆ ಹೇಳಿಕೊಡುವವರೂ ಸಿಕ್ಕಂತಾಯಿತು.

ಇದು ನನ್ನ ಕಲ್ಪನೆಯ ಮಾತಲ್ಲ. ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ, ಅವುಗಳಲ್ಲಿ ಎಷ್ಟೋ ಕಡೆ ಕಂಪ್ಯೂಟರುಗಳು ಬಂದಿವೆ. ಹತ್ತಾರು ಮಕ್ಕಳು ಮುಟ್ಟುವ ಆ ಯಂತ್ರಗಳನ್ನು ಕಾಯುತ್ತಿರುವುದು ಅಲ್ಲಿ ಕುಳಿತಿರುವ ಮೇಲ್ವಿಚಾರಕರು. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳನ್ನು ನೋಡಿರಿ. ಕೇರಳದವರು 2001ರ ಸುಮಾರಿನಲ್ಲಿ ‘ಐಟಿ ಅಟ್ ಸ್ಕೂಲ್’ ಆರಂಭಿಸಿದಾಗಲೇ ಹೊರಗಿನ ಸಂಸ್ಥೆಗೆ ಕೋಣೆ ವಹಿಸದೆ, ಆಯಾ ಶಾಲೆಯ ಶಿಕ್ಷಕರಲ್ಲೇ ಒಬ್ಬರನ್ನು ಸಂಯೋಜಕರನ್ನಾಗಿ ಮಾಡಿದರು. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವಿಷಯದ ಪುಸ್ತಕವನ್ನೂ ಕನ್ನಡದಲ್ಲಿ ಕೊಟ್ಟರು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿಗಳ ಕೂಟಗಳನ್ನು ಕಟ್ಟಿದರು; ಯಂತ್ರಗಳ ಪಾಲನೆಯಲ್ಲಿ ಮಕ್ಕಳೂ ಕೈಜೋಡಿಸುತ್ತಾರೆ. ಅಲ್ಲಿ ಕಳ್ಳತನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಯಂತ್ರ ಮೇಷ್ಟ್ರದೂ ಮಕ್ಕಳದೂ ಆಗಿರುವಲ್ಲಿ, ಕಳವಾಯಿತೆಂದು ಕೋಣೆಗೆ ಮೊಹರು ಹಾಕುವ ಯೋಚನೆ ಸುಲಭವಾಗಿ ಬಾರದು.

ಒಂದು ಷರತ್ತನ್ನು ಮಾತ್ರ ನೀವು ಬಿಡಕೂಡದು. ಯಂತ್ರಗಳನ್ನು ಕೊಡುವಾಗ ದಾನಪತ್ರದಲ್ಲಿಯೇ ಹೀಗೆ ಬರೆಸಿರಿ: ನಿಯಮದಂತೆ ಕೋಣೆ ತೆರೆದು, ದಾಖಲೆ ಇಟ್ಟು ನಡೆಸುತ್ತಿರುವಾಗ ಕಳವಾದರೆ, ಕೊಟ್ಟವರು ಆ ನಷ್ಟವನ್ನು ಮುಖ್ಯೋಪಾಧ್ಯಾಯರಿಂದಾಗಲಿ ಶಿಕ್ಷಕರಿಂದಾಗಲಿ ಬಯಸುವುದಿಲ್ಲ. ಇಲಾಖೆಯ ನಿಯಮವನ್ನು ನಿಮ್ಮ ಕಾಗದ ಬದಲಿಸಲಾರದು, ಒಪ್ಪುತ್ತೇನೆ. ಆದರೆ ಯಂತ್ರಗಳನ್ನು ಶಾಲೆಯ ದಾಸ್ತಾನಿಗೆ ಸೇರಿಸದೆ, ಹಳೆಯ ವಿದ್ಯಾರ್ಥಿಗಳ ಸಂಘದ ಹೆಸರಿನಲ್ಲೇ ಎರವಲು ಕೊಟ್ಟಂತೆ ಇಡಬಹುದೇ ಎಂದು ಶಾಲಾಭಿವೃದ್ಧಿ ಸಮಿತಿಯೊಡನೆ ಕುಳಿತು ಮಾತನಾಡಲು ಅಡ್ಡಿಯಿಲ್ಲ. ಈಗಿನ ಮುಖ್ಯೋಪಾಧ್ಯಾಯಿನಿಯವರನ್ನು ನಾನು ಕಂಡು ಬಂದೆ. ಕಂಪ್ಯೂಟರ್ ಎಂದೊಡನೆ ಅವರ ಮುಖದಲ್ಲಿ ಮೊದಲು ಕಂಡದ್ದು ಸಂತೋಷವಲ್ಲ. ‘ಬೀಗದ ಕೈ ಯಾರ ಹತ್ತಿರ ಇರುತ್ತೆ ಸಾರ್?’ ಎಂದು ಕೇಳಿದರು. ಒಂದು ಕೈ ಅವರಲ್ಲಿ, ಒಂದು ಸಂಜೆ ಕೂರುವ ಹೆಣ್ಣುಮಗಳಲ್ಲಿ, ಮೂರನೆಯದು ಮೊಹರು ಮಾಡಿದ ಲಕೋಟೆಯಲ್ಲಿ ಸಮಿತಿಯ ಅಧ್ಯಕ್ಷರಲ್ಲಿ ಇ

ರಲಿ ಎಂದೆ, ದಿನಕ್ಕೆ ಎರಡು ಸಲ ಎಣಿಕೆ, ಎರಡು ಸಹಿ. ಅವರು ಒಪ್ಪಿದ್ದಾರೆ, ಎರಡು ವರ್ಷದ ಗೌರವಧನ ಖಂಡಿತವಾಗಿ ಬರುವುದಾದರೆ.

ದಾಖಲೆ ಪುಸ್ತಕದ ನಮೂನೆಯನ್ನು ಗೆರೆ ಎಳೆದು ಸಿದ್ಧಮಾಡಿಟ್ಟಿದ್ದೇನೆ: ಯಂತ್ರದ ಸಂಖ್ಯೆ, ತಯಾರಕರ ಕ್ರಮಸಂಖ್ಯೆ, ಕೊಂಡ ದಿನ, ರ್‍ಯಾಮಿನ ಅಳತೆ, ಆ ದಿನ ಎಷ್ಟು ಮಕ್ಕಳು ಬಳಸಿದರು, ಸಂಜೆಯ ಎಣಿಕೆ. ಮುಂದಿನ ಭಾನುವಾರ ಬರುವವರಲ್ಲಿ ಪೀಣ್ಯದ ಕಡೆಯವರು ಯಾರಾದರೂ ಅಕ್ಷರದ ಪಂಚುಗಳ ಒಂದು ಪೆಟ್ಟಿಗೆಯನ್ನೂ, ಬಿಲ್ಲೆಗೆ ಬೇಕಾದ ಹಿತ್ತಾಳೆ ತಗಡಿನ ಚೂರುಗಳನ್ನೂ ತನ್ನಿರಿ. ಬಿಲ್ಲೆ ಇನ್ನೂರಾದರೂ ಬೇಕಾದೀತು.